ಮೆಸ್ಡಾಗ್ ಉಳಿಸಿಕೊಂಡ ಮರಳ ದಿಬ್ಬ

ನೆದರ್ಲೆಂಡ್ಸ್‌ನ ಹೇಗ್ ನಗರಕ್ಕೆ ತಾಗಿದಂತೆ ಸ್ಖೇವನಿಂಗನ್ ಎಂಬ ಮೀನುಗಾರರ ಊರಿದೆ. ಅಲ್ಲಿ ಹಿಂದೆ ಎತ್ತರದ ಮರಳ ದಿಬ್ಬವೊಂದಿತ್ತು. ಹತ್ತಿ ನಿಂತರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಊರಿನ ಮಾಡುಗಳು, ಅದರಾಚೆ ಹೇಗ್. 1880ರ ಹೊತ್ತಿಗೆ ಕಡಲ ಸ್ನಾನಕ್ಕೆ ಬರುವ ಸಿರಿವಂತರ ಓಡಾಟ ಹೆಚ್ಚಿ, ದಿಬ್ಬವನ್ನು ಸಮಮಾಡಿ ಉಪಾಹಾರಗೃಹ ಕಟ್ಟುವ ಯೋಜನೆ ಸಿದ್ಧವಾಗಿತ್ತು.

ಅದೇ ಸಮಯದಲ್ಲಿ ಬೆಲ್ಜಿಯಂನ ಕಂಪನಿಯೊಂದು ಪನೋರಮಾ ಬರೆದುಕೊಡಲು ಹೆಂಡ್ರಿಕ್ ವಿಲ್ಲೆಮ್ ಮೆಸ್ಡಾಗ್‌ನನ್ನು ಕೇಳಿತು. ದುಂಡನೆಯ ಕಟ್ಟಡದ ನಡುವೆ ನೋಡುಗ ನಿಂತರೆ ಸುತ್ತಲೂ ಒಂದೇ ಚಿತ್ರ ಕಾಣುವುದು ಪನೋರಮಾ. ಆಗಿನವುಗಳಲ್ಲಿ ಯುದ್ಧದ ದೃಶ್ಯಗಳೇ ಹೆಚ್ಚು. ಮೆಸ್ಡಾಗ್ ಆರಿಸಿಕೊಂಡದ್ದು ಆ ದಿಬ್ಬದ ಮೇಲಿನ ನೋಟವನ್ನು.

ಮೂವತ್ತೈದರ ವಯಸ್ಸಿನವರೆಗೆ ಬ್ಯಾಂಕ್ ವ್ಯವಹಾರದಲ್ಲಿದ್ದ ಮೆಸ್ಡಾಗ್ ಅದನ್ನು ಬಿಟ್ಟು ಚಿತ್ರಕಲೆಗೆ ಬಂದವನು. ಅವನ ಗೆಳೆಯರ ಬಳಗಕ್ಕೆ 1875ರಲ್ಲಿ ವಿಮರ್ಶಕ ವಾನ್ ಸಾಂಟನ್ ಕೋಲ್ಫ್ 'ಹೇಗ್ ಶಾಲೆ' ಎಂದು ಹೆಸರಿಟ್ಟ. ಅವರನ್ನು 'ಬೂದುಬಣ್ಣದವರು' ಎಂದೂ ಕರೆಯುತ್ತಿದ್ದರು. ತಗ್ಗು ನೆಲ, ಕಾಲುವೆ, ಕಡಲು ಇರುವ ನಾಡಿನ ಗಾಳಿಯಲ್ಲಿ ಸದಾ ತೇವ. ಬಿಸಿಲು ಅದರಲ್ಲಿ ಹರಡಿ ಮೆತ್ತಗಾಗುತ್ತದೆ, ವಸ್ತುಗಳ ಅಂಚು ಕರಗುತ್ತದೆ. ಆ ಗಾಳಿಯನ್ನೇ ಬರೆಯಲು ಹೊರಟವರಿಗೆ ಬೂದು ಬೇಕೇ ಬೇಕಿತ್ತು.

1881ರಲ್ಲಿ ಸುಮಾರು ನಾಲ್ಕು ತಿಂಗಳಲ್ಲಿ ಚಿತ್ರ ಮುಗಿಯಿತು. ಎತ್ತರ ಸುಮಾರು 14 ಮೀಟರ್, ಸುತ್ತಳತೆ ಸುಮಾರು 120 ಮೀಟರ್. ಊರಿನ ಭಾಗ ಬರೆದವಳು ಮೆಸ್ಡಾಗ್‌ನ ಹೆಂಡತಿ ಸೀಂಟ್ಯೆ, ಅವಳೂ ಕಲಾವಿದೆ. ದಂಡೆಯ ಮೇಲಿನ ಕುದುರೆ ಸವಾರರು ತರುಣ ಬ್ರೈಟ್ನರ್‌ನ ಕೈಕೆಲಸ. ನೋಡುಗನ ಕಾಲಿನ ಮುಂದೆ ನಿಜವಾದ ಮರಳು ಸುರಿದಿದ್ದಾರೆ. ಅದು ಎಲ್ಲಿ ಮುಗಿದು ಚಿತ್ರ ಎಲ್ಲಿ ಶುರುವಾಗುತ್ತದೆಂದು ತಿಳಿಯುವುದಿಲ್ಲ. ಬೆಳಕು ಮೇಲಿನ ಗಾಜಿನ ಮೂಲಕ ಬರುತ್ತದೆ. ಹೊರಗೆ ಮೋಡ ಕವಿದರೆ ಒಳಗಿನ ಕಡಲೂ ಮಂಕಾಗುತ್ತದೆ.

ದಿಬ್ಬ ಹೋಯಿತು. ಊರಿಗೆ ಬಂದರಿಲ್ಲದ ಕಾರಣ ಚಪ್ಪಟೆ ತಳದ ದೋಣಿಗಳನ್ನು ಮರಳ ಮೇಲೆ ಎಳೆದಿಡುತ್ತಿದ್ದರು. 1904ರಲ್ಲಿ ಬಂದರು ಆದಮೇಲೆ ಆ ದೋಣಿಗಳ ಕಾಲವೂ ಮುಗಿಯಿತು. ಪನೋರಮಾ ಕಂಪನಿ ಅದಕ್ಕೂ ಮೊದಲೇ ದಿವಾಳಿಯಾಗಿತ್ತು. 1886ರಲ್ಲಿ ಮೆಸ್ಡಾಗ್ ತಾನೇ ಹಣ ಕೊಟ್ಟು ಚಿತ್ರವನ್ನು ಕೊಂಡುಕೊಂಡ. ಅದರಿಂದ ಲಾಭವಿರಲಿಲ್ಲ. ಲೆಕ್ಕ ಬಲ್ಲ ಆ ಮಾಜಿ ಬ್ಯಾಂಕರ್ ನಷ್ಟವನ್ನು ಕೈಯಿಂದ ತುಂಬುತ್ತ ಬಾಗಿಲು ತೆರೆದೇ ಇಟ್ಟ. ಹೇಗ್‌ನಲ್ಲಿ ಅದು ಇಂದಿಗೂ ತೆರೆದಿದೆ.