ವಿದ್ಯುತ್ತಿನ ಹಗೇವು

ನಮ್ಮ ಹಾಸನ ಸೀಮೆಯ ರೈತರು ಹಿಂದೆ ರಾಗಿಯನ್ನು ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಮಳೆ ತಪ್ಪಿದ ವರ್ಷದಲ್ಲಿ ತೆಗೆದು ಉಣ್ಣುತ್ತಿದ್ದರು. ವಿದ್ಯುಚ್ಛಕ್ತಿಯನ್ನು ಹಾಗೆ ಇಡಲು ಬಾರದು. ಅದು ಹುಟ್ಟಿದ ಕ್ಷಣದಲ್ಲಿಯೇ ವ್ಯಯವಾಗಬೇಕು. ಕೂಡಿಡಬೇಕಾದರೆ ಬೇರೊಂದು ರೂಪದಲ್ಲಿಯೇ ಇಡತಕ್ಕದ್ದು. ಈ ತೊಡಕನ್ನು ಮೈಸೂರು ಸಂಸ್ಥಾನವು ಬಹು ಬೇಗನೆ ಎದುರಿಸಿತೆಂಬುದೂ, ಅದರ ಪರಿಹಾರದಲ್ಲಿ ನಮ್ಮ ಹೊಳೆಗೂ ಪಾಲಿದ್ದಿತೆಂಬುದೂ ವಾಚಕರಲ್ಲಿ ಕೆಲವರಿಗೆ ಹೊಸದಾಗಿ ತೋರಬಹುದು.

ದಿವಾನ್ ಶೇಷಾದ್ರಿ ಅಯ್ಯರ್‌ರವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ವಿದ್ಯುದಾಗಾರವು ೧೯೦೨ರಲ್ಲಿ ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಕಳುಹಿಸತೊಡಗಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೂ ದೀಪ ಬಂದಿತು. ಗಣಿಯ ಯಂತ್ರಕ್ಕೆ ಮಳೆಗಾಲ ಬೇಸಗೆಯೆಂಬ ಭೇದವಿಲ್ಲ, ಕಾವೇರಿಗೆ ಉಂಟು. ಹೊಳೆ ಸೊರಗಿದರೆ ಯಂತ್ರವೂ ಸೊರಗಬೇಕಷ್ಟೆ. ೧೯೦೯ರಲ್ಲಿ ಚೀಫ್ ಎಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು ಕನ್ನಂಬಾಡಿಯ ಕಟ್ಟೆಯನ್ನು ಯೋಜಿಸಿದಾಗ ಬೇಸಾಯದೊಡನೆ ಈ ಕೊರತೆಯೂ ಅವರ ಕಣ್ಣ ಮುಂದಿದ್ದಿತು. ೧೯೧೧ರಲ್ಲಿ ಕೆಲಸ ತೊಡಗಿತು. ಇಂದು ಆ ಕಟ್ಟೆಯನ್ನು ಮಂಡ್ಯದ ನಾಲೆಗಳ ತಾಯಿಯೆಂದೇ ನೆನೆಯುವುದು ವಾಡಿಕೆ. ಅದು ವಿದ್ಯುತ್ತಿನ ಹಗೇವೂ ಆಗಿದ್ದಿತೆಂಬುದನ್ನು ಮರೆಯಬಾರದು.

ಅದನ್ನು ತುಂಬಿದ ನೀರಾದರೂ ಯಾವುದು? ಅರಕಲಗೂಡು ತಾಲ್ಲೂಕಿನ ರಾಮನಾಥಪುರವನ್ನು ಮುಟ್ಟಿ ಹೋಗುವ ಕಾವೇರಿಯೂ, ಗೊರೂರು ಹೊಳೆನರಸೀಪುರಗಳನ್ನು ಹಾದು ಬರುವ ಹೇಮಾವತಿಯೂ ಆ ಹಿನ್ನೀರಿನಲ್ಲಿಯೇ ಕೂಡುವುವು. ಹೊಳೆನರಸೀಪುರದಲ್ಲಿ ಮಡಿ ಒಗೆದ ನೀರು ಕೆಲವು ತಿಂಗಳ ಮೇಲೆ ಕೋಲಾರದ ಯಂತ್ರವನ್ನು ತಿರುಗಿಸಿರಬಹುದು!

ಇದಕ್ಕೆ ಬೆಲೆಯೂ ತೆರಬೇಕಾಯಿತು. ಕನ್ನಂಬಾಡಿಯ ಊರೂ ವೇಣುಗೋಪಾಲಸ್ವಾಮಿಯ ಗುಡಿಯೂ ಮುಳುಗಿದುವು. ೧೯೭೯ರಲ್ಲಿ ಮುಗಿದ ಗೊರೂರಿನ ಅಣೆಕಟ್ಟು ಬೇಸಾಯಕ್ಕಾಗಿ ಆದದ್ದು; ಅದರ ನೀರು ಬಾಗೂರು-ನವಿಲೆಯ ಸುರಂಗವನ್ನು ಹೊಕ್ಕು ಚನ್ನರಾಯಪಟ್ಟಣ ತಾಲ್ಲೂಕನ್ನು ದಾಟುವುದು. ಆದರೆ ಶೆಟ್ಟಿಹಳ್ಳಿಯ ಇಗರ್ಜಿಯು ಇಂದಿಗೂ ಮಳೆಗಾಲದಲ್ಲಿ ನೀರೊಳಗೆ ನಿಲ್ಲುವುದನ್ನು ಕಂಡವರಿಗೆ, ನೀರಿನ ಹಗೇವು ಎಷ್ಟು ನೆಲವನ್ನು ನುಂಗುವುದೆಂದು ಹೇಳಬೇಕಾಗಿಲ್ಲ.

ಈಚೆಗೆ ಬೇರೊಂದು ಹಗೇವು ಬಂದಿದೆ. ಹೈದರ್ ಟಿಪ್ಪುಗಳ ಬಾಣಗಳ ಮದ್ದಿಗೆ ಬೇಕಾಗಿದ್ದ ಪೆಟ್ಲುಪ್ಪು ನಮಗೆ ಪರಿಚಿತವಾದುದೇ. ಅದನ್ನು ನಲವತ್ತು ಪಾಲೂ, ಅದರ ದಾಯಾದಿಯಾದ ಸೋಡಿಯಂ ನೈಟ್ರೇಟನ್ನು ಅರವತ್ತು ಪಾಲೂ ಬೆರಸಿ ಕರಗಿಸಿ, ೨೯೦ ಡಿಗ್ರಿಯಿಂದ ೫೬೫ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿ ದೊಡ್ಡ ಕೊಪ್ಪರಿಗೆಯಲ್ಲಿ ಇಡುವರು. ಬೇಕಾದಾಗ ಆ ಕಾವಿನಿಂದ ಉಗಿಯೆಬ್ಬಿಸಿ ಯಂತ್ರ ತಿರುಗಿಸುವರು. ಕ್ಯಾಲಿಫೋರ್ನಿಯದಲ್ಲಿ ೧೯೯೬ರಲ್ಲಿ ಬಿಸಿಲಿನ ಕಾವನ್ನು ಹೀಗೆ ಹಿಡಿದಿಟ್ಟರು. ಸ್ಪೆಯಿನಿನ ಹೆಮಸೊಲಾರ್ ಕೇಂದ್ರವು ೨೦೧೧ರಿಂದ ಬಿಸಿಲಿಲ್ಲದೆ ೧೫ ಗಂಟೆ ನಡೆಯಬಲ್ಲುದಾಯಿತು. ಮಿಕ್ಕ ವಿದ್ಯುತ್ತಿನಿಂದಲೇ ಉಪ್ಪನ್ನು ಕಾಯಿಸಿ ಕೂಡಿಡಬಹುದೆಂಬುದು ಅದರ ಮುಂದಿನ ಹೆಜ್ಜೆ.

ಲೆಕ್ಕವು ಆಶ್ಚರ್ಯಕರವಾಗಿದೆ. ಶಿವನಸಮುದ್ರದಲ್ಲಿ ಸುಮಾರು ೪೦೦ ಅಡಿ ಬೀಳುವ ಒಂದು ಟನ್ ನೀರಿನಲ್ಲಿರುವ ಶಕ್ತಿ ಯೂನಿಟ್ಟಿನ ಮೂರರಲ್ಲೊಂದು ಭಾಗ. ಒಂದು ಟನ್ ಬಿಸಿ ಉಪ್ಪಿನಿಂದ ನಲವತ್ತಕ್ಕೂ ಮೇಲ್ಪಟ್ಟು ಯೂನಿಟ್ಟು ವಿದ್ಯುತ್ತು ದೊರೆಯುವುದು. ಊರು ಮುಳುಗಬೇಕಾಗಿಲ್ಲ. ಆದರೆ ವಿದ್ಯುತ್ತನ್ನು ಕಾವಾಗಿಸಿ ಮತ್ತೆ ವಿದ್ಯುತ್ತಾಗಿಸಿದರೆ ಅರ್ಧಕ್ಕಿಂತ ಹೆಚ್ಚು ನಷ್ಟ. ಉಪ್ಪು ಆರಿದರೆ ಕೊಳವೆಗಳಲ್ಲಿಯೇ ಕಲ್ಲಾಗುವುದು. ನೆವಾಡದ ಕ್ರೆಸೆಂಟ್ ಡ್ಯೂನ್ಸ್‌ನಲ್ಲಿ ೨೦೧೬ರಲ್ಲಿ ಕೊಪ್ಪರಿಗೆ ಸೋರಿ ತಿಂಗಳುಗಟ್ಟಲೆ ಕೆಲಸ ನಿಂತಿತು. ರೈತನ ಹಗೇವಿಗೂ ನೀರು ನುಗ್ಗಿ ಕಾಳು ಕೆಡುತ್ತಿದ್ದುದುಂಟು.

ನಮ್ಮ ನೆರೆಯ ತುಮಕೂರು ಜಿಲ್ಲೆಯ ಪಾವಗಡದಲ್ಲಿ ೨೦೫೦ ಮೆಗಾವಾಟ್ ಬಿಸಿಲಿನ ವಿದ್ಯುತ್ತನ್ನು ತೆಗೆಯುವ ಏರ್ಪಾಡಾಗಿದೆ. ದೀಪ ಹಚ್ಚುವ ಹೊತ್ತಿಗೆ ಅದು ನಿಲ್ಲುವುದು. ಆಗಿನ ಭಾರವನ್ನು ಕಲ್ಲಿದ್ದಲೂ ಶರಾವತಿಯ ನೀರೂ ಹೊರುತ್ತಿವೆ.