ದಾರುಹರಿದ್ರೆ ಯಾವುದು? ಸಸ್ಯನಾಮ ನಿರ್ಣಯ ಮತ್ತು ಕೊಚ್ಚಿಯ ಒಂದು ಗ್ರಂಥ

ಮಧ್ಯಕಾಲೀನ ಕನ್ನಡದ ವೈದ್ಯಗ್ರಂಥಗಳನ್ನು ಓದುವವರಿಗೆ ಮೊದಲು ಎದುರಾಗುವ ತೊಡಕು ಗಿಡಗಳ ಗುರುತಿನದು. ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ ಮೊದಲಾದ ಕೃತಿಗಳು ರಚಿತವಾದ ಕಾಲದಲ್ಲಿ ಮೂಲಿಕೆಯ ಹೆಸರು ಹೇಳಿದರೆ ಸಾಕಾಗಿತ್ತು. ಗಿಡ ವೈದ್ಯನ ಕಣ್ಣೆದುರಿಗಿತ್ತು. ನಮಗೆ ಉಳಿದಿರುವುದು ಹೆಸರು ಮಾತ್ರ. ಇದು ಕೇವಲ ಗ್ರಂಥಸಂಪಾದಕರ ಚಿಂತೆಯೆಂದು ನಾನು ಬಹುಕಾಲ ಭಾವಿಸಿದ್ದೆ. ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಮೇಲೆ ಹಳೆಯ ಮೂಲಿಕೆಗಳನ್ನು ಪರೀಕ್ಷಿಸುವ ಕಾರ್ಯ ಹೆಚ್ಚುತ್ತಿರುವ ಈ ದಿನಗಳಲ್ಲಿ ಹಾಗೆ ಹೇಳುವಂತಿಲ್ಲ.

ಮೆಥಿಸಿಲಿನ್ ಬಳಕೆಗೆ ಬಂದದ್ದು 1959ರಲ್ಲಿ. 1961ರಲ್ಲಿಯೇ ಅದಕ್ಕೆ ಜಗ್ಗದ ಸ್ಟ್ಯಾಫಿಲೊಕಾಕಸ್ ಇಂಗ್ಲೆಂಡಿನಲ್ಲಿ ವರದಿಯಾಯಿತು. ಕೇರಳ ಸರ್ಕಾರವು 2018ರಲ್ಲಿ ಈ ಸಮಸ್ಯೆಯನ್ನು ಎದುರಿಸಲು ಕಾರ್ಯಯೋಜನೆಯೊಂದನ್ನು ಪ್ರಕಟಿಸಿತು. ಇಂಥ ಪರೀಕ್ಷೆಗಳಿಗೆ ಮೂಲಿಕೆಯನ್ನು ಆರಿಸುವಾಗ ಸಂಶೋಧಕರು ಹಳೆಯ ಗ್ರಂಥಗಳತ್ತ ನೋಡುವುದು ಸಹಜ.

ದಾರುಹರಿದ್ರೆಯನ್ನೇ ತೆಗೆದುಕೊಳ್ಳೋಣ. ಉತ್ತರದ ವೈದ್ಯರಿಗೆ ಅದು ಹಿಮಾಲಯದ ಬರ್ಬೆರಿಸ್ ಎಂಬ ಮುಳ್ಳುಪೊದೆ. ಕೇರಳದ ವೈದ್ಯರು ಅದೇ ಹೆಸರಿನಲ್ಲಿ ಬಳಸುವುದು ಮರಮಂಜಳ್, ಅಂದರೆ ಕೊಸ್ಸೀನಿಯಂ ಎಂಬ ಕಾಡುಬಳ್ಳಿ. ಇದು ನಮ್ಮ ಅಮೃತಬಳ್ಳಿಯ ಕುಟುಂಬಕ್ಕೆ ಸೇರಿದುದು. ಕನ್ನಡದ ‘ಮರದರಿಸಿನ’ ಎರಡಕ್ಕೂ ಸಲ್ಲುತ್ತದೆ. ಎರಡರಲ್ಲಿಯೂ ಬರ್ಬೆರಿನ್ ಎಂಬ ಹಳದಿ ದ್ರವ್ಯವಿರುವುದರಿಂದ ವ್ಯತ್ಯಾಸವೇನೆಂದು ಕೇಳಬಹುದು. ವ್ಯತ್ಯಾಸವಿದೆ. ಸ್ಟ್ಯಾಫಿಲೊಕಾಕಸ್ ತನ್ನೊಳಗೆ ಬಂದ ಬರ್ಬೆರಿನ್ನನ್ನು ಒಂದು ಬಗೆಯ ‘ಪಂಪ್’ನಿಂದ ಹೊರದೂಡುತ್ತದೆ. ಬರ್ಬೆರಿಸ್ ಕುಲದ ಕೆಲವು ಅಮೆರಿಕನ್ ಗಿಡಗಳು ಆ ಪಂಪನ್ನು ತಡೆಯುವ ಇನ್ನೊಂದು ದ್ರವ್ಯವನ್ನೂ ತಯಾರಿಸುತ್ತವೆಂದು 2000ದಲ್ಲಿ ತಿಳಿದುಬಂದಿತು. ಈ ಎರಡನೆಯ ದ್ರವ್ಯಕ್ಕೆ ತಾನಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ಶಕ್ತಿ ಅತ್ಯಲ್ಪ. ಕರಿಮೆಣಸಿನ ಪೈಪರಿನ್ ಕೂಡ ಸಿಪ್ರೊಫ್ಲಾಕ್ಸಸಿನ್ನಿನ ಬಲವನ್ನು ಹೀಗೆಯೇ ಹೆಚ್ಚಿಸುತ್ತದೆಂದು 2006ರಲ್ಲಿ ಪ್ರಕಟವಾಯಿತು. ಆದ್ದರಿಂದ ಒಂದು ಗಿಡದ ಫಲಿತಾಂಶವನ್ನು, ಹೆಸರು ಒಂದೇ ಎಂಬ ಕಾರಣಕ್ಕೆ, ಇನ್ನೊಂದಕ್ಕೆ ಆರೋಪಿಸುವುದು ಸಾಧುವಲ್ಲ. (ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದ ವಲಯವೊಂದು ಕಂಡೊಡನೆ ಔಷಧ ದೊರಕಿತೆಂದು ಬರೆಯುವ ಪ್ರಬಂಧಗಳ ಮಾತು ಬೇರೆ.)

ಈ ದೃಷ್ಟಿಯಿಂದ ಕೊಚ್ಚಿಯಲ್ಲಿ ಸಿದ್ಧವಾದ ‘ಹೋರ್ಟಸ್ ಮಲಬಾರಿಕಸ್’ ಮರಳಿ ಗಮನಾರ್ಹವಾಗುತ್ತದೆ. ಮೆಣಸಿನ ವ್ಯಾಪಾರಕ್ಕೆಂದು ಬಂದ ಡಚ್ಚರ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಾಡಿಸಿದ ಈ ಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ವೈದ್ಯರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರು 1675ರ ಏಪ್ರಿಲಿನಲ್ಲಿ ಕೊಟ್ಟ ಸಾಕ್ಷ್ಯಪತ್ರಗಳು ಅದರಲ್ಲಿವೆ. ಚಿತ್ರಗಳ ಮೇಲೆ ಸಸ್ಯನಾಮಗಳು ಮಲಯಾಳ, ಅರಬ್ಬೀ, ನಾಗರೀ ಲಿಪಿಗಳಲ್ಲಿವೆ. ಕನ್ನಡ ಲಿಪಿ ಇಲ್ಲದಿರುವುದು ನಮ್ಮ ದುರದೃಷ್ಟ. ಆದರೂ ಗ್ರಂಥ ನಮಗೆ ಉಪಯುಕ್ತ. ಕರ್ನಾಟಕದಲ್ಲಿ ಒಂದೆಲಗವನ್ನು ಬ್ರಾಹ್ಮಿ ಎನ್ನುವವರು ಬಹಳ. ಕೇರಳದ ಬ್ರಹ್ಮಿ ನಮ್ಮ ನೀರುಬ್ರಾಹ್ಮಿ. ಹತ್ತನೆಯ ಸಂಪುಟದಲ್ಲಿ ಇವೆರಡೂ ಬೇರೆಬೇರೆ ಹೆಸರಿನಿಂದ, ಬೇರೆಬೇರೆ ಚಿತ್ರಗಳಾಗಿ ಬಂದಿವೆ. ಹದಿನೇಳನೆಯ ಶತಮಾನದ ಕೊಚ್ಚಿಯಲ್ಲಿ ಯಾವ ಹೆಸರು ಯಾವ ಗಿಡಕ್ಕಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ.

ಲ್ಯಾಟಿನ್ನಿನಲ್ಲಿದ್ದ ಈ ಕೃತಿಯನ್ನು ಕೆ. ಎಸ್. ಮಣಿಲಾಲ್ ದಶಕಗಳ ಕಾಲ ಅಭ್ಯಸಿಸಿ, ಅದರ ಗಿಡಗಳನ್ನು ಕಾಡುಮೇಡುಗಳಲ್ಲಿ ಮತ್ತೆ ಸಂಗ್ರಹಿಸಿ, ಇಂಗ್ಲಿಷಿಗೆ ತಂದರು. ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ ಅದನ್ನು 2003ರಲ್ಲಿಯೂ ಮಲಯಾಳ ಆವೃತ್ತಿಯನ್ನು 2008ರಲ್ಲಿಯೂ ಪ್ರಕಟಿಸಿತು. ಅದೇ ಜಿಲ್ಲೆಯ ಪಾಲೋಡಿನಲ್ಲಿ 1979ರಲ್ಲಿ ಸ್ಥಾಪಿತವಾದ ಉಷ್ಣವಲಯ ಸಸ್ಯೋದ್ಯಾನ ಮತ್ತು ಸಂಶೋಧನ ಸಂಸ್ಥೆಯಲ್ಲಿ ಒಣಗಿಸಿದ ಸಸ್ಯಮಾದರಿಗಳ ಸಂಗ್ರಹವಿದೆ. ಹೊರರಾಜ್ಯಗಳಲ್ಲಿದ್ದು ಕನ್ನಡ ವೈದ್ಯಗ್ರಂಥಗಳನ್ನು ಸಂಪಾದಿಸುವವರು ಪಾಠಾಂತರಗಳೊಡನೆ ಇಂಥ ಮಾದರಿಗಳನ್ನೂ ಹೋಲಿಸಿ ನೋಡಬೇಕು. ಹಾಗೆಯೇ, ‘ದಾರುಹರಿದ್ರೆಯ ಕಷಾಯ’ ಎಂದಷ್ಟೇ ಬರೆಯುವ ಪ್ರಯೋಗಾಲಯದ ವರದಿಗೆ, ಯಾವ ಗಿಡ, ಯಾವ ಕಾಡಿನದು, ಬೇರೋ ಕಾಂಡವೋ ಎಂಬ ಪ್ರಶ್ನೆಯನ್ನು ನಾವೇ ಹಾಕಬೇಕಾಗುತ್ತದೆ.