ಹಗೇವಿನ ರಾಗಿ

ನಿಮ್ಮದು ರಾಗಿ ಸೀಮೆಯ ಊರಾದರೆ, ಮುಂದಿನ ಸಲ ಹೋದಾಗ ಹಗೇವು ಎಲ್ಲಿತ್ತೆಂದು ಅಜ್ಜನನ್ನು ಕೇಳಿ. ನೆಲದಲ್ಲೇ ತೋಡಿದ ಕಣಜ ಅದು. ಬಾಯಿ ಕಿರಿದು, ಒಳಗೆ ಅಗಲ. ಸುತ್ತ ಹುಲ್ಲು ಹಾಸಿ, ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳೂ ಹುಳುವೂ ಉಸಿರಾಡಿ ಒಳಗಿನ ಆಮ್ಲಜನಕ ತೀರುತ್ತಿತ್ತು, ಹುಳು ಸಾಯುತ್ತಿತ್ತು. ಅವಸರದಲ್ಲಿ ಇಳಿದ ಮನುಷ್ಯನೂ ಸಾಯಬಹುದಿತ್ತು! ಅದಕ್ಕೇ ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ಆಮೇಲೆ ಇಳಿಯುತ್ತಿದ್ದರು.

ಹೀಗಿಟ್ಟ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಂದು ಬೆಳೆ ಹೋದರೂ ಮನೆಯಲ್ಲಿ ಮುದ್ದೆಗೆ ಹಿಟ್ಟಿರುತ್ತಿತ್ತು. ಆದರೆ 1876–78ರ ಬರದಲ್ಲಿ ಮಳೆ ಮತ್ತೆ ಮತ್ತೆ ಕೈಕೊಟ್ಟಿತು. ಹಗೇವು ಬರಿದಾದರೆ ತುಂಬಲು ಬೆಳೆಯಿರಲಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, 1881ರಲ್ಲಿ ಸುಮಾರು 42 ಲಕ್ಷ.